ಚಿಕಿತ್ಸೆಯ ಮೂರನೆಯ ಪಾದ

ಸಂಡೂರು ಸೀಮೆಯ ಬೆಟ್ಟಗಳಲ್ಲಿ ದೋಣಿಮಲೈ ಹೆಸರಾದುದು ತನ್ನ ಕಬ್ಬಿಣದ ಅದಿರಿನಿಂದ. 1977ರಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು ಅಲ್ಲಿ ಯಂತ್ರಗಳ ಸಹಾಯದಿಂದ ಅದಿರು ತೆಗೆಯಲು ತೊಡಗಿದ ಮೇಲೆ ಬೆಟ್ಟದ ಮಗ್ಗುಲಲ್ಲಿ ಒಂದು ಊರೇ ಬೆಳೆಯಿತು. ನೌಕರರ ಮನೆಗಳು, ಶಾಲೆ, ಆಸ್ಪತ್ರೆ ಎಲ್ಲವೂ ಬಂದುವು. ಗಣಿಯಿಂದ ಹೊರಡುವ ಅದಿರು ತೂಕವಾಗದೆ ಮುಂದೆ ಸಾಗುವುದಿಲ್ಲ; ಯಾವ ದಿನ ಎಷ್ಟು ಟನ್ನು, ಯಾವ ದರ್ಜೆಯದು, ಯಾರಿಗೆ ಹೋಯಿತೆಂಬುದೆಲ್ಲ ಪುಸ್ತಕದಲ್ಲಿರುವುದು. ಇಷ್ಟು ಜಾಗರೂಕತೆಯ ಲೆಕ್ಕವಿರುವ ಸೀಮೆಯಲ್ಲಿ ಯಾರ ಲೆಕ್ಕಕ್ಕೂ ಬಾರದ ಒಂದು ಸಂಗತಿಯಿದೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಆಸ್ಪತ್ರೆಯ ಒಂದು ವಾರ್ಡಿನಲ್ಲಿ ಎಷ್ಟು ಮಂದಿ ದಾದಿಯರು ಎಚ್ಚರವಾಗಿರುವರು ಎಂಬುದೇ ಆ ಸಂಗತಿ.

ಜ್ವರ ಕೆಮ್ಮುಗಳಿಗೆ ಸಮೀಪದ ಆಸ್ಪತ್ರೆಯೇ ಸಾಕು. ಮೂಳೆ ಮುರಿದರೆ, ಹೆರಿಗೆ ಕಠಿನವಾದರೆ, ಎದೆನೋವು ಕಾಣಿಸಿಕೊಂಡರೆ ದೋಣಿಮಲೈಯವರು ಸಂಡೂರು, ತೋರಣಗಲ್ಲು, ಹೊಸಪೇಟೆಗಳ ಕಡೆಗೆ ಧಾವಿಸುವರು, ಕೊನೆಗೆ ಬಳ್ಳಾರಿ. ಅಲ್ಲಿ 1961ರಲ್ಲಿ ಸ್ಥಾಪಿತವಾದ ಸರಕಾರಿ ವೈದ್ಯಕೀಯ ವಿದ್ಯಾಲಯದ ಆಸ್ಪತ್ರೆಗೆ ಕಂಪ್ಲಿಯ ರೈತರೂ ಬರುವರು, ಕೊಪ್ಪಳ ರಾಯಚೂರುಗಳವರೂ ಬರುವರು, ಗಡಿಯಾಚೆಯ ಅನಂತಪುರದವರೂ ಬರುವರು. ಹಾದಿಯುದ್ದಕ್ಕೂ ಮನೆಯವರು ಕೇಳುವ ಪ್ರಶ್ನೆ ಒಂದೇ: ದೊಡ್ಡ ಡಾಕ್ಟರು ಇದ್ದಾರೆಯೆ? ದಾದಿಯರು ಎಷ್ಟು ಮಂದಿ ಇದ್ದಾರೆಂದು ಕೇಳಿದವರನ್ನು ಕಾಣುವುದು ದುರ್ಲಭ. ವಿದ್ಯಾವಂತರ ಮನೆಗಳೂ ಇದಕ್ಕೆ ಹೊರತಲ್ಲ.

ಹಿಂದಿನವರು ಇದನ್ನು ಹೀಗೆ ಮರೆತಿರಲಿಲ್ಲ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುವುದು. ವೈದ್ಯನು ಮೊದಲನೆಯವನು, ಔಷಧವು ಎರಡನೆಯದು, ಉಪಸ್ಥಾತೃ, ಎಂದರೆ ಬಳಿಯಲ್ಲಿ ನಿಂತು ಉಪಚರಿಸುವವನು, ಮೂರನೆಯವನು, ರೋಗಿ ನಾಲ್ಕನೆಯವನು. ಈ ಮೂರನೆಯವನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕೆಂದು ವಿಧಿಸಿದೆ. ಗಮನಿಸತಕ್ಕ ವಿಷಯವೆಂದರೆ, ಉಪಸ್ಥಾತೃವನ್ನು ಅಲ್ಲಿ ವೈದ್ಯನ ಆಳೆಂದು ಎಣಿಸಿಲ್ಲ. ಪ್ರತ್ಯೇಕವಾದ ಪಾದವೆಂದೇ ಎಣಿಸಿದೆ. ಮೂರು ಕಾಲಿನ ಮೇಲೆ ಮಂಚವು ಎಷ್ಟು ಹೊತ್ತು ನಿಂತೀತು!

ದಾದಿಯ ಕೆಲಸವೆಂದರೆ ಸೂಜಿ ಚುಚ್ಚುವುದು, ಮಾತ್ರೆ ಹಂಚುವುದು ಎಂದು ಲೋಕದ ಭಾವನೆ. ಅದು ಆಕೆಯ ಕೆಲಸದಲ್ಲಿ ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗವೆಂದರೆ ಕಾವಲು. ಅರ್ಧ ಲೀಟರು ದ್ರಾವಣವನ್ನು ನಾಲ್ಕು ಗಂಟೆಗಳಲ್ಲಿ ಶಿರೆಗೆ ಹರಿಸಬೇಕೆಂದು ಡಾಕ್ಟರು ಬರೆದಿಟ್ಟು ಹೋಗುವರು. ಮಿಲಿಲೀಟರಿಗೆ 20 ಹನಿ ಬೀಳುವ ನಳಿಕೆಯಾದರೆ ನಿಮಿಷಕ್ಕೆ ಸುಮಾರು 42 ಹನಿ ಬೀಳಬೇಕು. ರೋಗಿ ಕೈ ಮಡಿಸಿದರೆ ಹನಿ ನಿಲ್ಲುವುದು, ಚಕ್ರ ಸಡಿಲವಾದರೆ ಧಾರೆಯಾಗುವುದು. ಬಲಹೀನವಾದ ಹೃದಯಕ್ಕೆ ಆ ಧಾರೆಯೇ ವಿಷವಾದೀತು. ತಾನಾಗಿ ಹೊರಳಲಾರದವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನಿನ ಕೆಳಗೆ ಚರ್ಮ ಕೆಂಪಾಗಿ, ಒಡೆದು, ಹಾಸಿಗೆಹುಣ್ಣಾಗುವುದು. ಕಾಲು ಮುರಿದು ಬಂದವನು ಬೆನ್ನ ಹುಣ್ಣಿನಿಂದ ತಿಂಗಳುಗಟ್ಟಲೆ ನರಳುವನು. ಬಾಣಂತಿಯನ್ನು ಹೆರಿಗೆಯಾದ ಮೊದಲ ಗಂಟೆಯಲ್ಲಿ ಕಾಲುಗಂಟೆಗೊಮ್ಮೆ ನೋಡಬೇಕು. ಒಳಗೆ ರಕ್ತ ಸೋರುತ್ತಿದ್ದರೆ ಮೊದಲು ನಾಡಿಯ ವೇಗ ಏರುವುದು. ರಕ್ತದ ಒತ್ತಡ ಇಳಿಯುವುದು ಅನಂತರ. ಆ ಏರಿಕೆಯನ್ನು ಹಿಡಿಯುವ ಬೆರಳು ದಾದಿಯದು. ಒತ್ತಡ ಕುಸಿದ ಮೇಲೆ ಓಡಿಬಂದ ಡಾಕ್ಟರು ಎಷ್ಟೇ ನಿಪುಣರಾದರೂ ಕಳೆದುಹೋದ ಅರ್ಧ ಗಂಟೆಯನ್ನು ಮರಳಿ ತರಲಾರರು.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ಐವರು ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ನಾಡೆಲ್ಲ ಮರುಗಿತು. ಸಂದೇಹವು ಅವರ ಶಿರೆಗೆ ಹರಿಸಿದ ದ್ರಾವಣದ ಮೇಲೆ ಬಿತ್ತು. ವಿಚಾರಣೆಯೂ ಆ ದಿಕ್ಕಿನಲ್ಲಿಯೇ ನಡೆಯಿತು, ಅದು ಯುಕ್ತವೇ ಆಗಿತ್ತು. ಆ ಮರಣಗಳನ್ನು ದಾದಿಯರ ಕೊರತೆಗೆ ಹೊರಿಸುವುದು ನ್ಯಾಯವಲ್ಲ. ಆದರೆ ಔಷಧವೆಂಬ ಎರಡನೆಯ ಪಾದ ಕೆಟ್ಟರೆ ಊರೆಲ್ಲ ಗುಲ್ಲಾಗುವುದು, ಮೂರನೆಯ ಪಾದ ಸವೆದರೆ ಸದ್ದೇ ಆಗುವುದಿಲ್ಲ ಎಂಬುದನ್ನು ಆ ಪ್ರಸಂಗದಲ್ಲಿ ಕಾಣಬಹುದು. ಕೆಟ್ಟ ಸೀಸೆಯನ್ನು ಪರೀಕ್ಷೆಗೆ ಕಳುಹಿಸಬಹುದು. ನೋಡದೆ ಹೋದ ನಾಡಿಯನ್ನು ಯಾವ ಪ್ರಯೋಗಶಾಲೆಗೆ ಕಳುಹಿಸುವುದು?

ಮೂವತ್ತು ಹಾಸಿಗೆಯ ವಾರ್ಡಿನಲ್ಲಿ ರಾತ್ರಿ ಒಬ್ಬಳೇ ದಾದಿ ಇರುವಳೆಂದು ವಾಚಕರು ಭಾವಿಸಲಿ. ಪಾಳಿಯು ಎಂಟು ಗಂಟೆಯಾದರೆ 480 ನಿಮಿಷ. ಒಬ್ಬೊಬ್ಬ ರೋಗಿಯ ಪಾಲಿಗೆ 16 ನಿಮಿಷ. ಅದರಲ್ಲಿಯೇ ಔಷಧ, ಅದರಲ್ಲಿಯೇ ದಾಖಲೆ ಬರೆಯುವುದು, ಹೊಸ ರೋಗಿಯನ್ನು ಸೇರಿಸಿಕೊಳ್ಳುವುದು, ರಕ್ತನಿಧಿಗೆ ದೂರವಾಣಿ ಮಾಡುವುದು, ಸತ್ತವರ ಮನೆಯವರನ್ನು ಸಮಾಧಾನಪಡಿಸುವುದು. ಆರು ರೋಗಿಗಳಿಗೊಬ್ಬಳಿದ್ದರೆ ಅದೇ ಪಾಲು 80 ನಿಮಿಷವಾಗುವುದು. ಹೊತ್ತು ಸಾಲದಾದಾಗ ದಾದಿ ಏನನ್ನು ಬಿಡುವಳು? ಸೂಜಿಯನ್ನು ಬಿಡಲಾರಳು, ಏಕೆಂದರೆ ಅದನ್ನು ಬೆಳಗ್ಗೆ ಕೇಳುವರು. ಮೊದಲು ಬಿಡುವುದು ಮಾತು. ‘ಹೇಗಿದ್ದೀರಿ ಅಜ್ಜಾ’ ಎಂಬ ಮಾತಿಗೆ ಸಿಕ್ಕುವ ಉತ್ತರದಲ್ಲಿ ನಾಲಗೆಯ ತೊದಲು ಮೊದಲು ಗೊತ್ತಾಗುವುದೆಂಬುದನ್ನು ಬಲ್ಲವರು ಬಲ್ಲರು. ಆಮೇಲೆ ಮಗ್ಗುಲು ಬದಲಿಸುವುದು, ಬಾಯಿ ತೊಳೆಸುವುದು, ಊಟ ಮಾಡಿಸುವುದು ಹೋಗುವುವು. ಕೊನೆಗೆ ನಾಡಿ ನೋಡುವ ಹೊತ್ತುಗಳು ಒಂದರೊಳಗೊಂದು ಕೂಡಿಕೊಳ್ಳುವುವು. ಇದನ್ನು ಆಕೆಯ ಆಲಸ್ಯವೆನ್ನಲಾಗದು. ಮನೆಯಲ್ಲಿ ಒಂದೇ ಬಿಂದಿಗೆ ನೀರಿದ್ದರೆ ಗೃಹಿಣಿ ಮೊದಲು ಅಂಗಳ ತೊಳೆಯುವುದನ್ನು ಬಿಡುವಂತೆ ಇದು.

ಈ ಕೊರತೆಯು ಹೊರಗೆ ತೋರದಿರುವುದಕ್ಕೆ ಈ ನಾಡಿನ ಕುಟುಂಬಗಳೇ ಕಾರಣ. ರೋಗಿಯೊಡನೆ ಹೆಂಡತಿಯೋ ತಾಯಿಯೋ ತಮ್ಮನೋ ಬಂದು ಮಂಚದ ಕೆಳಗೆ ಚಾಪೆ ಹಾಸಿಕೊಳ್ಳುವರು. ಗ್ಲೂಕೋಸು ಮುಗಿಯುತ್ತ ಬಂದಿತೆಂದು ಓಡಿಹೋಗಿ ಹೇಳುವವಳು ಹೆಂಡತಿ; ಮಲಮೂತ್ರ ತೆಗೆಯುವವಳು ತಾಯಿ; ಗಾಲಿಮಂಚವನ್ನು ತಳ್ಳುವವನು ತಮ್ಮ. ಆ ಸೇವೆಯಲ್ಲಿ ಪ್ರೀತಿಯಿದೆ, ಶುಚಿತ್ವವೂ ಇದ್ದೀತು. ಉಪಚಾರದ ತಿಳಿವಳಿಕೆ ಮಾತ್ರ ಇಲ್ಲ. ಕೂಲಿ ಬಿಟ್ಟು ಕುಳಿತ ಅವರ ದಿನಗಳನ್ನು ಯಾರೂ ಆಸ್ಪತ್ರೆಯ ಖರ್ಚಿನಲ್ಲಿ ಬರೆಯುವುದಿಲ್ಲ. ಕೊರತೆಯ ನಿಜರೂಪವನ್ನು ಕಾಣಬೇಕಾದರೆ ಜತೆಗೆ ಯಾರೂ ಇಲ್ಲದವನ ಮಂಚದ ಬಳಿಗೆ ಹೋಗಬೇಕು. ಗಣಿ ಕಾರ್ಖಾನೆಗಳ ಈ ಸೀಮೆಯಲ್ಲಿ ಅಂಥವರು ವಿರಳರಲ್ಲ. ಬಿಹಾರದಿಂದಲೋ ಒಡಿಶಾದಿಂದಲೋ ಗುತ್ತಿಗೆಯ ಕೂಲಿಗೆ ಬಂದವನು ಬಿದ್ದು ಆಸ್ಪತ್ರೆ ಸೇರಿದರೆ ಅವನ ಭಾಷೆ ಅಕ್ಕಪಕ್ಕದವರಿಗೆ ತಿಳಿಯದು, ಅವನ ಸೀಸೆ ಮುಗಿದುದನ್ನು ನೋಡುವವರಿಲ್ಲ. ಅವನಿಗೆ ತಾಯಿ, ಹೆಂಡತಿ, ತಮ್ಮ ಎಲ್ಲವೂ ಆ ಒಬ್ಬ ದಾದಿಯೇ. ಅವಳಿಗೋ ಅವನು ಮೂವತ್ತರಲ್ಲಿ ಒಬ್ಬ.

ಕೊರತೆಯಿಂದ ಪ್ರಾಣಹಾನಿಯಾಗುವುದೆಂಬುದು ಬರಿಯ ಊಹೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ 168 ಆಸ್ಪತ್ರೆಗಳನ್ನು ಪರಿಶೀಲಿಸಿ ಲಿಂಡಾ ಏಕನ್ ಎಂಬ ವಿದುಷಿಯೂ ಆಕೆಯ ಸಂಗಡಿಗರೂ 2002ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ದಾದಿಯೊಬ್ಬಳ ಪಾಲಿಗೆ ಒಬ್ಬ ರೋಗಿ ಹೆಚ್ಚಿದಾಗಲೆಲ್ಲ ಶಸ್ತ್ರಕ್ರಿಯೆಯಾದವರು ಮೂವತ್ತು ದಿನಗಳೊಳಗೆ ಸಾಯುವ ಸಂಭವವು ಶೇಕಡ 7ರಷ್ಟು ಏರುವುದು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳಲ್ಲಿ ನೋಡಿದಾಗಲೂ ಅದೇ 7 ಬಂದಿತು. ಕ್ಯಾಲಿಫೋರ್ನಿಯದವರು 1999ರಲ್ಲಿಯೇ ಶಾಸನ ಮಾಡಿ, ದಾದಿಯೊಬ್ಬಳಿಗೆ ಇಷ್ಟೇ ರೋಗಿಗಳೆಂಬ ಮಿತಿಯನ್ನು 2004ರಿಂದ ಜಾರಿಗೆ ತಂದರು. ಅಲ್ಲಿ ಐದೋ ಆರೋ ಎಂಬುದು ಚರ್ಚೆ. ಇಲ್ಲಿಯ ವಾರ್ಡುಗಳನ್ನು ಬಲ್ಲವರಿಗೆ ಆ ಚರ್ಚೆಯೇ ಭೋಗದಂತೆ ತೋರೀತು.

ಭಾರತದಲ್ಲಿ ನಿಯಮವಿಲ್ಲವೆಂದಲ್ಲ. ಕಲಿಸುವ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರಿಗೊಬ್ಬಳು, ಇತರ ಆಸ್ಪತ್ರೆಗಳಲ್ಲಿ ಐವರಿಗೊಬ್ಬಳು, ಅದರ ಮೇಲೆ ರಜೆಗಾಗಿ ಶೇಕಡ 30 ಹೆಚ್ಚು ಎಂದು ಭಾರತೀಯ ಶುಶ್ರೂಷಾ ಪರಿಷತ್ತು ಅಳತೆ ಕೊಟ್ಟಿದೆ. ರಜೆಯ ಮಾತು ಸಣ್ಣದಲ್ಲ. ವಾರ್ಡಿನಲ್ಲಿ ಹಗಲು ರಾತ್ರಿ ಒಬ್ಬಳು ಇರಬೇಕಾದರೆ ವಾರಕ್ಕೆ 21 ಪಾಳಿಗಳು. ಒಬ್ಬಳು ಆರು ಪಾಳಿ ಮಾಡುವಳು. ಅಲ್ಲಿಗೆ ಮೂರೂವರೆ ಜನ. ಹಬ್ಬ, ಕಾಯಿಲೆ, ಹೆರಿಗೆಯ ರಜೆಗಳನ್ನು ಕೂಡಿಸಿದರೆ ಒಂದು ಕುರ್ಚಿಗೆ ನಾಲ್ಕೂವರೆ ಜನ ಬೇಕಾಗುವುದು. ಹತ್ತು ಹುದ್ದೆ ಮಂಜೂರಾಗಿದೆಯೆಂದು ಕೇಳಿದವರು ಹತ್ತು ಮಂದಿ ದಾದಿಯರು ನಿಂತಿರುವರೆಂದು ತಿಳಿಯುವರು. ನಿಜವಾಗಿ ನಿಂತಿರುವವರು ಇಬ್ಬರೇ. ಅದರಲ್ಲಿ ನಾಲ್ಕು ಹುದ್ದೆ ಖಾಲಿಯಿದ್ದರೆ ಏನಾಗುವುದೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

2021ರ ಮೇ ತಿಂಗಳಲ್ಲಿ ಕೋವಿಡ್ಡಿನ ಎರಡನೆಯ ಅಲೆ ಹೊಡೆದಾಗ ಈ ಸೀಮೆಯೇ ಒಂದು ಆಶ್ಚರ್ಯವನ್ನು ಕಂಡಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಕೆಲವೇ ವಾರಗಳಲ್ಲಿ ಎದ್ದಿತು. ಕಬ್ಬಿಣ ಕರಗಿಸುವುದಕ್ಕಿದ್ದ ಆಮ್ಲಜನಕವನ್ನು ಕೊಳವೆಯಲ್ಲಿ ನೇರವಾಗಿ ಹಾಸಿಗೆಗಳಿಗೆ ತರಲಾಯಿತು. ಅದು ನಿಸ್ಸಂದೇಹವಾಗಿ ಶ್ಲಾಘ್ಯವಾದ ಕಾರ್ಯ. ಆದರೆ ಆಮ್ಲಜನಕ ಕೊಳವೆಯಲ್ಲಿ ಬರುವುದು, ದಾದಿ ಬರುವುದಿಲ್ಲ. ಮೂಗಿನ ಮುಖವಾಡ ಜಾರಿತೆಂದು ನೋಡುವುದಕ್ಕೂ, ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕೆ ಇಳಿಯಿತೆಂದು ತಿಳಿಯುವುದಕ್ಕೂ, ರೋಗಿಯನ್ನು ಬೋರಲು ಮಲಗಿಸುವುದಕ್ಕೂ ಕೈಗಳು ಬೇಕು. ಆ ಕೈಗಳನ್ನು ವಾರಗಳಲ್ಲಿ ಕಟ್ಟಲಾಗದು. ಒಬ್ಬೊಬ್ಬಳ ಶಿಕ್ಷಣಕ್ಕೆ ಮೂರು ನಾಲ್ಕು ವರ್ಷ ಹಿಡಿಯುವುದು.

ಹಾಗಾದರೆ ಕಲಿತವರೇ ಇಲ್ಲವೆ? ಒಂದು ಕಾಲದಲ್ಲಿ ಇರಲಿಲ್ಲ. ಬಳ್ಳಾರಿ ಇನ್ನೂ ಮದರಾಸು ಪ್ರಾಂತಕ್ಕೆ ಸೇರಿದ್ದು, ಸಂಡೂರು ಘೋರ್ಪಡೆಯವರ ಸಂಸ್ಥಾನವಾಗಿದ್ದ 1946ರಲ್ಲಿ ಭೋರ್ ಸಮಿತಿಯು ಇಡೀ ದೇಶದಲ್ಲಿ ಸುಮಾರು 7,000 ದಾದಿಯರನ್ನು ಎಣಿಸಿತು. 43,000 ಜನಕ್ಕೆ ಒಬ್ಬಳು. ಇಂದಿನ ಸ್ಥಿತಿ ಅದಲ್ಲ. ಕರ್ನಾಟಕದಲ್ಲಿ ಶುಶ್ರೂಷಾ ವಿದ್ಯಾಲಯಗಳು ಊರೂರಿಗೆ ಇವೆ. ಕೇರಳದಿಂದ ಬಂದು ಓದುವವರೂ ಬಹಳ. ಓದಿದವರು ಕೊಲ್ಲಿಯ ದೇಶಗಳಿಗೆ, ಇಂಗ್ಲೆಂಡಿಗೆ ಹೋಗುವರು. ಅವರನ್ನು ದೂರುವುದು ಸುಲಭ. ಇಲ್ಲಿ ಅವರಿಗೆ ಸಿಕ್ಕುವುದೇನು? ಅನೇಕರಿಗೆ ವರ್ಷ ವರ್ಷವೂ ಹೊಸದಾಗಿ ಬರೆಯುವ ಗುತ್ತಿಗೆ. ಪಕ್ಕದಲ್ಲಿ ಅದೇ ಕೆಲಸ ಮಾಡುವ ಖಾಯಂ ದಾದಿಗಿಂತ ಬಹು ಕಡಿಮೆಯಾದ ಸಂಬಳ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾದ ಸಮಿತಿಯು 2016ರಲ್ಲಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಕೂಡದೆಂದು ಹೇಳಬೇಕಾಯಿತು. ಹಾಗೆ ಹೇಳಬೇಕಾಗಿ ಬಂದುದೇ ಸ್ಥಿತಿಯನ್ನು ತಿಳಿಸುವುದು. ಈಚೆಗೆ ಸರಕಾರದ ಕಾಗದಗಳಲ್ಲಿ ದಾದಿಗೆ ಶುಶ್ರೂಷಾಧಿಕಾರಿ ಎಂಬ ಹೆಸರು ಬಂದಿದೆ. ಹೆಸರು ದೊಡ್ಡದಾದುದು ಸಂತೋಷವೇ. ಹೆಸರಿಗೆ ಖರ್ಚು ಹತ್ತುವುದಿಲ್ಲ.

ದೋಣಿಮಲೈಯಂಥ ಊರಿನಲ್ಲಿ ಇದನ್ನು ಕುರಿತು ಯೋಚಿಸಲು ವಿಶೇಷ ಕಾರಣವಿದೆ. ಲೋಹದ ಗಣಿಗಳಿಗಾಗಿ 1961ರಲ್ಲಿ ಆದ ನಿಯಮಾವಳಿಯಂತೆ, ಅರ್ಹತಾಪತ್ರ ಪಡೆದ ಮೇಟಿಯೋ ಫೋರ್ಮನ್ನನೋ ಮೇಲ್ವಿಚಾರಣೆಗಿಲ್ಲದೆ ಗಣಿಯಲ್ಲಿ ಕೆಲಸ ನಡೆಸಕೂಡದು. ಕಲ್ಲು ಸಡಿಲವಾದುದನ್ನು ಮೊದಲು ಕಾಣುವ ಕಣ್ಣು ಬೇಕೆಂಬುದೇ ಅದರ ತಾತ್ಪರ್ಯ. ಅದೇ ಕಾರ್ಮಿಕನು ಗಾಯಗೊಂಡು ವಾರ್ಡಿನಲ್ಲಿ ಮಲಗಿದಾಗ, ನೋಡುವ ಕಣ್ಣು ಸಾಲದೆಂದು ವಾರ್ಡಿನ ಬಾಗಿಲನ್ನು ಯಾರೂ ಮುಚ್ಚುವುದಿಲ್ಲ. ಹಾಸಿಗೆಗಳು ತುಂಬುತ್ತಲೇ ಇರುವುವು. ಮುಚ್ಚಲೂ ಬಾರದು, ಬಂದ ರೋಗಿ ಎಲ್ಲಿಗೆ ಹೋದಾನು?

ಹಣವಿಲ್ಲವೆಂಬ ಮಾತೂ ಇಲ್ಲಿ ಪೂರ್ತಿ ಸಲ್ಲದು. 2015ರಲ್ಲಿ ಗಣಿಗಳ ಕಾನೂನನ್ನು ತಿದ್ದಿದ ಮೇಲೆ ಗಣಿಯವರು ರಾಜಧನದ ಜತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಒಂದು ಪಾಲನ್ನು ಕೊಡುತ್ತಿದ್ದಾರೆ. ಬಳ್ಳಾರಿ ಜಿಲ್ಲೆಗೆ ಬರುವ ಪಾಲು ಅಲ್ಪವಲ್ಲ. ಆ ನಿಧಿಗಾಗಿ ಕೇಂದ್ರ ಸರಕಾರವು ಅದೇ ವರ್ಷ ಕೊಟ್ಟ ಮಾರ್ಗಸೂಚಿಯಲ್ಲಿ, ಆರೋಗ್ಯದ ವಿಷಯದಲ್ಲಿ ಕಟ್ಟಡಗಳಿಗೆ ಮಾತ್ರ ಗಮನ ಕೊಡದೆ ಬೇಕಾದ ಸಿಬ್ಬಂದಿಯನ್ನೂ ಸಲಕರಣೆಯನ್ನೂ ಒದಗಿಸಬೇಕೆಂದು ಸ್ಪಷ್ಟವಾಗಿ ಹೇಳಿದೆ. ಬರೆದವರು ಆಸ್ಪತ್ರೆಯನ್ನು ರಾತ್ರಿಯಲ್ಲಿ ನೋಡಿದವರಿರಬೇಕು. ಕಟ್ಟಡಕ್ಕೆ ಒಮ್ಮೆ ಕೊಟ್ಟರೆ ಮುಗಿಯಿತು, ಸಂಬಳವನ್ನು ತಿಂಗಳು ತಿಂಗಳು ಕೊಡಬೇಕು, ಅದಿರು ತೀರಿದ ಮೇಲೆ ಕೊಡುವವರಾರು ಎಂಬ ಆಕ್ಷೇಪಣೆಯುಂಟು, ಅದು ಹುರುಳಿಲ್ಲದ್ದಲ್ಲ. ಹುದ್ದೆಗಳನ್ನು ಸರಕಾರವೇ ಖಾಯಮಾಗಿ ಸೃಷ್ಟಿಸಿ, ಮೊದಲ ಕೆಲವು ವರ್ಷಗಳ ಭಾರವನ್ನು ನಿಧಿ ಹೊರುವುದು ಅಸಾಧ್ಯವೇನಲ್ಲ. ಕಟ್ಟಡವನ್ನೇ ಕಟ್ಟಬೇಕೆಂಬ ಆಸೆಯಿದ್ದರೆ ಅದಕ್ಕೂ ಅವಕಾಶವಿದೆ. ಗಣಿಯ ಪಾಳಿಗೆ ಹೋಗುವವರಿಗೆ ಮನೆಯಿದೆ, ಬಸ್ಸಿದೆ. ರಾತ್ರಿಯ ಪಾಳಿಗೆಂದು ಹೊಸಪೇಟೆಯಿಂದ ಹೊರಟ ದಾದಿಗೆ ಸಂಡೂರಿನ ಆಸ್ಪತ್ರೆಯ ಬಳಿಯಲ್ಲಿ, ಮಕ್ಕಳೊಡನೆ ಇರಲು ಎರಡು ಕೋಣೆಯ ಮನೆ ಬೇಕು. ಅಂಥ ಇಪ್ಪತ್ತು ಮನೆಗಳಿಗೆ ಬಹಳ ನೆಲ ಬೇಕಾಗದು. ಉದ್ಘಾಟನೆಯ ಕಲ್ಲನ್ನು ಅವುಗಳ ಗೋಡೆಗೂ ಹಾಕಬಹುದು.