ಬಸ್ರೂರಿನ ಕೇರಿಗಳಲ್ಲಿ

ಕುಂದಾಪುರದ ಬಸ್ರೂರು ಮೂರುಕೈಯಲ್ಲಿ ಪೂರ್ವಾಭಿಮುಖವಾಗಿ ತಿರುಗಿ ಕೋಣಿಯನ್ನು ದಾಟಿ ಬಂದ ಪ್ರವಾಸಿಗೆ, ಇಬ್ನ್ ಬತೂತನು ಹದಿನಾಲ್ಕನೆಯ ಶತಮಾನದಲ್ಲಿ ಹೆಸರಿಸಿದ, ಪೋರ್ತುಗೀಜರು ಬಾರ್ಸೆಲೋರ್ ಎಂದು ಕರೆದು ಅಕ್ಕಿಗಾಗಿ ಹಂಬಲಿಸಿದ ರೇವುಪಟ್ಟಣವು ಇದೇ ಎಂದರೆ ಥಟ್ಟನೆ ನಂಬುಗೆ ಬಾರದು. ವಾರಾಹಿಯ ದಂಡೆಯಲ್ಲಿ ತೆಂಗು ಕಂಗುಗಳ ನೆರಳು. ತುಳುವೇಶ್ವರನ ಪಾಳುಗುಡಿಯಲ್ಲಿ ಶಿವಲಿಂಗವನ್ನು ಮರದ ಬೇರುಗಳೇ ಗರ್ಭಗೃಹದಂತೆ ಆವರಿಸಿವೆ. ಮಂಡಿಕೇರಿ, ಮೂಡುಕೇರಿ, ಪಡುಕೇರಿ ಎಂಬ ಹೆಸರುಗಳೂ ವರ್ತಕಸಂಘವನ್ನು ನೆನಪಿಸುವ ನಖರೇಶ್ವರನೂ ಮಾತ್ರ ಪೂರ್ವವೈಭವಕ್ಕೆ ಸಾಕ್ಷಿಗಳಾಗಿ ಉಳಿದಿವೆ.

ನನ್ನನ್ನು ಇಲ್ಲಿಗೆ ಎಳೆತಂದುದು ವಲಸೆ ಬಂದ ಸಾರಸ್ವತ ಮನೆತನಗಳ ಕಥೆ. 1510ರಲ್ಲಿ ಗೋವೆಯು ಪೋರ್ತುಗೀಜರ ವಶವಾಗಿ, 1560ರಲ್ಲಿ ಅಲ್ಲಿ ಮತವಿಚಾರಣೆಯ ನ್ಯಾಯಾಸನವು ಸ್ಥಾಪಿತವಾಗಲು, ಮಂಗೇಶನೂ ಮ್ಹಾಳಸೆಯೂ ತಮ್ಮ ಮೂಲಸ್ಥಾನಗಳನ್ನು ತೊರೆದು ಫೋಂಡೆಯ ಸೀಮೆಯನ್ನು ಸೇರಿದರು. ಭಕ್ತರಲ್ಲಿ ಅನೇಕರು ಲೆಕ್ಕಬರಹದ ಜಾಣ್ಮೆಯೊಂದನ್ನೇ ಬಂಡವಾಳವಾಗಿಸಿಕೊಂಡು ದಕ್ಷಿಣದ ಕನ್ನಡ ಕರಾವಳಿಗೆ ಬಂದು, ಇಲ್ಲಿ ಮೊದಲೇ ನೆಲೆಸಿದ್ದ ಬಂಧುಗಳ ಮಗ್ಗುಲಲ್ಲಿ ಶೆಣೈ, ಪೈ, ಕಾಮತ, ಪ್ರಭುಗಳಾಗಿ ಬೇರೂರಿದರು. ವಿಧಿವಿಲಾಸವೆಂದರೆ, ಯಾರಿಗೆ ಅಂಜಿ ಊರು ಬಿಟ್ಟರೋ ಅವರೇ 1569ರಲ್ಲಿ ವೈಸರಾಯ್ ಲೂಯಿಸ್ ದ ಅತಾಯ್ದನ ನೌಕಾಬಲದೊಡನೆ ಇದೇ ಹೊಳೆಗೆ ಬಂದು ಕೋಟೆ ಕಟ್ಟಿದರು! ಕೆಳದಿಯ ಶಿವಪ್ಪನಾಯಕನು 1650ರ ದಶಕದಲ್ಲಿ ಅವರನ್ನು ಹೊರಗಟ್ಟಿದನು. 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಪಟ್ಟಣವನ್ನು ಸೂರೆಗೊಂಡನು. ಇತಿಹಾಸಗ್ರಂಥಗಳು ಈ ಯುದ್ಧಗಳನ್ನು ಸವಿಸ್ತಾರವಾಗಿ ಹೇಳುತ್ತವೆ. ಪ್ರತಿಸಲವೂ ಸುಟ್ಟ ಅಂಗಡಿಯನ್ನು ಮರಳಿ ತೆರೆದವರ ಧೈರ್ಯವೂ ಅಷ್ಟೇ ಸ್ಮರಣೀಯವೆಂದು ನಾನು ಬಲ್ಲೆ.

ವೆಂಕಟರಮಣ ದೇವಸ್ಥಾನದ ದರ್ಶನವನ್ನು ತೀರಿಸಿಕೊಂಡು ಹೊರಬರುವಾಗ, ದಿನಸಿ ಅಂಗಡಿಯ ವೃದ್ಧರೊಬ್ಬರು “ಹ್ವಾಯ್, ಬನಿ, ಕೂಕಣಿ” ಎಂದು ಅಚ್ಚ ಕುಂದಗನ್ನಡದಲ್ಲಿ ಉಪಚರಿಸಿ, ಒಳಮನೆಯ ಕಡೆಗೆ ತಿರುಗಿ “ಉದ್ದಾಕ್ ಹಾಡ್” ಎಂದು ಕೊಂಕಣಿಯಲ್ಲಿ ನೀರು ತರಹೇಳಿದರು. ಹಿತ್ತಾಳೆಯ ಚೊಂಬಿನ ಪಕ್ಕದಲ್ಲಿ ಬೆಲ್ಲದ ತುಂಡೂ ಬಂದಿತು. ಕುಲದೇವರು ಯಾವುದೆಂದು ಕೇಳಲು, “ನಮ್ದ್ ಮಂಗೇಶಿ, ಮಕ್ಳ ಮದಿ ಆದ್ ಕೂಡ್ಲೆ ಒಂದ್ಸಲಿ ಹೋಯಿ ಬಪ್ದ್” ಎಂದರು. ನಾಲ್ಕು ಶತಮಾನಗಳು ಕಳೆದರೂ ಹೊಸ ದಂಪತಿಗಳನ್ನು ಗೋವೆಯ ದೇವರ ಮುಂದೆ ನಿಲ್ಲಿಸಿ ಬರುವ ಈ ನಿಷ್ಠೆಯನ್ನು ಕಂಡು ನನ್ನ ಮನಸ್ಸು ತುಂಬಿಬಂದಿತು.

ಅಂಗಡಿಯ ಜಗಲಿಯಲ್ಲಿ ಮಾತು ಮುಂಬಯಿಯ ಕಡೆಗೆ ಹೊರಳಿತು. ಚಿತ್ರಾಪುರ ಸಾರಸ್ವತರು ನೆಲೆಸಿದ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಧರಿಸುವವರು. ಅವರಲ್ಲಿ ‘ಬಸ್ರೂರು’ ಎಂಬ ಅಡ್ಡಹೆಸರಿನವರೂ ಇದ್ದಾರೆ. ಗೋವೆಯಿಂದ ಬಂದವರ ವಂಶಜರು ಉದ್ಯೋಗಾರ್ಥವಾಗಿ ಮತ್ತೆ ಗಂಟುಮೂಟೆ ಕಟ್ಟಿ ಉತ್ತರಕ್ಕೆ ಹೊರಟಾಗ, ಈ ಹೊಳೆದಂಡೆಯ ಹೆಸರನ್ನು ತಮ್ಮ ಹೆಸರಿನೊಡನೆ ಕೊಂಡೊಯ್ದರು.