ಹೆಸರು ಬರೆಯದ ಕ್ಯಾಸೆಟ್ಟು

2023ರ ಜನವರಿ. ಪಿಯುಸಿ ಎರಡನೇ ವರ್ಷದ ಪರೀಕ್ಷೆಗೆ ಎರಡು ತಿಂಗಳೂ ಉಳಿದಿರಲಿಲ್ಲ. ಲಿಂಗಸುಗೂರಿನ ಮನೆಯೊಂದರಲ್ಲಿ ಹುಡುಗನೊಬ್ಬ ರಾತ್ರಿ ಹತ್ತರ ಮೇಲೂ ಓದುತ್ತ ಕುಳಿತಿದ್ದ. ಭೌತಶಾಸ್ತ್ರದ ಪುಸ್ತಕ ತೆರೆದೇ ಇತ್ತು. ಅದರ ಮೇಲೆ ಇನ್ನೊಂದು ಅಗಲವಾದ ಪುಸ್ತಕವೂ ತೆರೆದಿತ್ತು. ಅಂಗಡಿ ಮುಚ್ಚಿ ಬಂದ ತಂದೆ ಬಾಗಿಲಲ್ಲೇ ನಿಂತು ನೋಡಿದರು.

“ಏನ್ ಓದಾಕತ್ತಿ ತಮ್ಮಾ?”

“ಬೀಟಲ್ಸ್ ಅಂತ ಅಪ್ಪಾ. ಇಂಗ್ಲೆಂಡಿನ್ಯಾಗ ಹಾಡ್ತಿದ್ರು, ನಾಕು ಮಂದಿ.”

“ಅವರ ಹಾಡು ಪರೀಕ್ಷಾಕ್ಕ ಬರ್ತಾವೇನು?”

“ಹಾಡಲ್ಲಪ್ಪ. ಯಾವ ದಿನ ಯಾವ ಹಾಡು ರೆಕಾರ್ಡ್ ಮಾಡಿದ್ರು, ಎಷ್ಟು ಸಲ ಹಾಡಿದ್ರು, ಯಾರ್ ಏನ್ ಬಾರಿಸಿದ್ರು, ಅದನ್ನ ಬರದಾರ.”

ತಂದೆಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ಹಾಡನ್ನು ಕೇಳುವುದುಂಟು, ಹಾಡುವುದುಂಟು. ಅದಕ್ಕೆ ದಿನಚರಿ ಬರೆದಿಡುವವರೂ ಇದ್ದಾರೆಯೇ?

ಇದ್ದಾರೆ. ಮಾರ್ಕ್ ಲೂಯಿಸನ್ ಎಂಬ ಇಂಗ್ಲಿಷ್ ಲೇಖಕ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಇಟ್ಟಿದ್ದ ಮೂಲ ಟೇಪುಗಳನ್ನು ಕೇಳಿ, ಬೀಟಲ್ಸರ ರೆಕಾರ್ಡಿಂಗಿನ ಒಂದೊಂದು ದಿನದ ವಿವರವನ್ನೂ 1988ರಲ್ಲಿ ಪುಸ್ತಕ ಮಾಡಿದ. ಹುಡುಗನ ಕೈಯಲ್ಲಿದ್ದುದು ಅದೇ. ಬೆಂಗಳೂರಿನಲ್ಲಿರುವ ಸೋದರಮಾವ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡು ಕೊಟ್ಟದ್ದು. 1963ರ ಫೆಬ್ರವರಿ 11ರಂದು ಆ ನಾಲ್ವರು ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಂದೇ ದಿನದಲ್ಲಿ ಹತ್ತು ಹಾಡು ಮುಗಿಸಿದ್ದು ಅದರಲ್ಲಿದೆ. ಜಾನ್ ಲೆನನ್‌ಗೆ ಅಂದು ನೆಗಡಿ. ಗಂಟಲು ಹರಿಯುವಂಥ ಹಾಡೊಂದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದರು. ಅದನ್ನು ಹಾಡಿದ ಮೇಲೆ ಅವನ ದನಿ ಉಳಿಯುವ ಭರವಸೆ ಯಾರಿಗೂ ಇರಲಿಲ್ಲ. ಈ ಸಂಗತಿ ತಿಳಿದು ಆ ಹಾಡು ಕೇಳಿದರೆ, ಆ ಒಡಕು ಗಂಟಲು ಬೇರೆಯೇ ಕೇಳಿಸುತ್ತದೆ. ಇದೇ ಲೂಯಿಸನ್ 2013ರಲ್ಲಿ ಬೀಟಲ್ಸರ ಚರಿತ್ರೆಯ ಮೊದಲ ಸಂಪುಟ ತಂದ. ಒಂಬೈನೂರಕ್ಕೂ ಮೀರಿದ ಪುಟ. ಕಥೆ ನಿಲ್ಲುವುದು 1962ರ ಕೊನೆಯ ದಿನಕ್ಕೆ, ಅಂದರೆ ಅವರು ಹೆಸರು ಮಾಡುವ ಮೊದಲೇ! ಹುಡುಗ ಇದನ್ನು ಹೇಳಿದಾಗ ತಂದೆ ನಕ್ಕೇಬಿಟ್ಟರು.

“ಮಕ್ಕೋ ಹೋಗು. ನಾಳೆ ಕಾಲೇಜು ಐತಿ,” ಎಂದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಿತ್ತು. ಮರುವಾರ ಹುಡುಗ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದ. ಒಳಗೆ ಮೂವತ್ತೆರಡು ಕ್ಯಾಸೆಟ್ಟುಗಳು. ಅವನ ತಾತ ಭಜನೆಯಲ್ಲಿ ತತ್ವಪದ, ವಚನ ಹಾಡುತ್ತಿದ್ದವರು. ಗುರುಗುಂಟಾ ಅಮರೇಶ್ವರನ ಜಾತ್ರೆಯ ರಾತ್ರಿಗಳಲ್ಲಿ ಬೆಳಗಿನವರೆಗೂ ಕುಳಿತು ಹಾಡಿದವರು. ಇಂದು ರಾಯಚೂರಿನ ರಂಗಮಂದಿರಕ್ಕೆ ಯಾರ ಹೆಸರಿದೆಯೋ ಆ ಸಿದ್ಧರಾಮ ಜಂಬಲದಿನ್ನಿಯವರ ಹಾಡು ರೇಡಿಯೋದಲ್ಲಿ ಬಂದರೆ ಊಟದ ತಟ್ಟೆ ಸರಿಸಿ ಕೇಳುತ್ತಿದ್ದರಂತೆ. ಅವರು ತೀರಿಕೊಂಡದ್ದು 2004ರಲ್ಲಿ. ಮೊಮ್ಮಗ ಹುಟ್ಟಿದ್ದು ಮರುವರ್ಷ. ತಾತನ ಫೋಟೋ ನಡುಮನೆಯಲ್ಲಿತ್ತು. ದನಿ ಎಲ್ಲಿತ್ತು?

ಮೂವತ್ತೆರಡರಲ್ಲಿ ಹತ್ತಕ್ಕೆ ಅಂಗಡಿಯ ಚೀಟಿ ಇತ್ತು. ಉಳಿದವುಗಳ ಮೇಲೆ ಏನೂ ಇರಲಿಲ್ಲ. ಹುಡುಗ ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಗೆರೆ ಹೊಡೆದ: ಕ್ಯಾಸೆಟ್ ನಂಬರು, ಎ ಬದಿ, ಬಿ ಬದಿ, ಹಾಡಿದವರು, ಹಾರ್ಮೋನಿಯಂ, ತಬಲಾ, ದಿನ, ಜಾಗ. ಲೂಯಿಸನ್ ಮಾಡಿದ ಹಾಗೆ.

ತಂದೆ ಈಗ ನಿಜವಾಗಿ ಸಿಟ್ಟಾದರು. “ಆ ಪೆಟಿಗಿ ಮ್ಯಾಲಿಡು. ಪರೀಕ್ಷಾ ಮುಗೀಲಿ. ಅದರಾಗ ಏನೂ ಇಲ್ಲ,” ಎಂದರು. ತಾಯಿಗೆ ವಿಚಿತ್ರವೆನಿಸಿತು. ಎಂದೂ ದನಿ ಏರಿಸದ ಮನುಷ್ಯ. ಪರೀಕ್ಷೆಯೊಂದೇ ಕಾರಣವೆಂದು ಆಕೆಗೆ ಅನ್ನಿಸಲಿಲ್ಲ.

ಹಾಡಿನ ಪಟ್ಟಿ ಮಾಡುವ ಕೆಲಸವನ್ನು ಹುಚ್ಚೆಂದು ತಳ್ಳಿಹಾಕುವ ಮೊದಲು ಒಂದು ಮಾತು ನೆನೆಯಬೇಕು. ನಮ್ಮ ದೇಶದಲ್ಲಿ ಗ್ರಾಮಫೋನ್ ಕಂಪನಿ ಮೊದಲು ಧ್ವನಿಮುದ್ರಣ ನಡೆಸಿದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಅಲ್ಲಿ ಹಾಡಿದ ಗೌಹರ್ ಜಾನ್ ಮೂರು ನಿಮಿಷದ ತಟ್ಟೆಯ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಜಂಬವಲ್ಲ. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ; ಅಲ್ಲಿಯ ಕೆಲಸಗಾರರಿಗೆ ಇದು ಯಾರ ದನಿ ಎಂದು ತಿಳಿಯಬೇಕಿತ್ತು. ಆಕೆ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಆ ಕಾಲದ ತಟ್ಟೆಗಳ ನಂಬರು ನಂಬರನ್ನೂ ಹುಡುಕಿ 1994ರಲ್ಲಿ ಗ್ರಂಥ ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕಿನಿಯರ್. ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುವಾಗಿದ್ದ ಅಬ್ದುಲ್ ಕರೀಂ ಖಾನರ ತಟ್ಟೆಗಳ ಪಟ್ಟಿಯನ್ನು ಅವರ ಜೀವನಚರಿತ್ರೆಯ ಜೊತೆ ಕೊಟ್ಟವರೂ ಅವರೇ. ನಮ್ಮವರ ಹಾಡಿನ ಲೆಕ್ಕ ಬರೆಯಲು ಅಷ್ಟು ದೂರದವರು ಬರಬೇಕಾಯಿತೇ ಎಂದು ಯಾರಿಗಾದರೂ ಅನ್ನಿಸೀತು. ಕಾನಪುರದ ಹರ್‌ಮಂದಿರ್ ಸಿಂಗ್ ‘ಹಮ್ರಾಜ್’ ಹಿಂದಿ ಚಿತ್ರಗೀತೆಗಳ ಕೋಶವನ್ನು ಸಂಪುಟ ಸಂಪುಟವಾಗಿ ತಂದದ್ದನ್ನೂ ಮರೆಯಬಾರದು. ಕನ್ನಡದಲ್ಲಿ ದೊಡ್ಡಹುಲ್ಲೂರು ರುಕ್ಕೋಜಿಯವರು ರಾಜಕುಮಾರರ ಸಮಗ್ರ ಚರಿತ್ರೆ ಬರೆದು ರಾಷ್ಟ್ರಪ್ರಶಸ್ತಿ ಪಡೆದರು.

ಅಷ್ಟು ದೂರವೇಕೆ, ಮಸ್ಕಿಯನ್ನೇ ನೋಡಿ. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ. ಬಂಡೆಗಳ ಮೇಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಿತ್ತೇ ಹೊರತು ರಾಜನ ಹೆಸರಿರಲಿಲ್ಲ. ಅದು ಅಶೋಕನೇ ಎಂದು ವಿದ್ವಾಂಸರು ಬೇರೆ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಕಲ್ಲು ತಾನೇ ಹೇಳಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್‌ಗೆ ಮಸ್ಕಿಯ ಶಾಸನ ಸಿಕ್ಕಿತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದರಲ್ಲಿ ‘ಅಸೋಕ’ ಎಂದೇ ಇತ್ತು. ಲಿಂಗಸುಗೂರಿನ ಶಾಲೆಯ ಮಕ್ಕಳು ಅಲ್ಲಿಗೆ ಪ್ರವಾಸ ಹೋಗಿ ಬುತ್ತಿ ಉಂಡು ಬರುತ್ತಾರೆ. ಈ ಹುಡುಗನೂ ಏಳನೆಯ ಇಯತ್ತೆಯಲ್ಲಿ ಹೋಗಿದ್ದ. ಒಂದು ಹೆಸರು ಬರೆದಿಟ್ಟದ್ದರ ಬೆಲೆ ಆಗ ಅವನಿಗೆ ಹೊಳೆದಿರಲಿಲ್ಲ.

ಇರಲಿ. ಪೆಟ್ಟಿಗೆ ಅಟ್ಟ ಸೇರಿತು. ಪರೀಕ್ಷೆ ಮುಗಿದ ಸಂಜೆಯೇ ಇಳಿಯಿತು.

ಟೇಪ್‌ರೆಕಾರ್ಡರ್ ತಿರುಗಲಿಲ್ಲ. ಹುಡುಗ ಅದನ್ನು ಹೊತ್ತು ತಂದೆಯ ಅಂಗಡಿಗೆ ಹೋದ. ತಂದೆಯದು ಪಂಪ್‌ಸೆಟ್ ಮೋಟರಿನ ರಿವೈಂಡಿಂಗ್ ಅಂಗಡಿ. ಕಾಲುವೆ ನೀರು ಬಾರದ ಹೊಲಗಳ ಮೋಟರು ಸುಟ್ಟಾಗಲೆಲ್ಲ ರೈತರು ಅಲ್ಲಿಗೇ ತರುತ್ತಾರೆ. ಗಲ್ಲೆಯ ಮೇಲೆ ಉದ್ದನೆಯ ಒಂದು ಬುಕ್ಕು: ಯಾವ ಊರಿನ ಯಾರ ಮೋಟರು, ಎಷ್ಟು ಎಚ್‌ಪಿ, ಯಾವ ಗೇಜಿನ ತಂತಿ, ಎಷ್ಟು ಸುತ್ತು, ಎಂದು ಕೊಟ್ಟದ್ದು. ಹುಡುಗ ಅದನ್ನು ತೆರೆದು ತನ್ನ ನೋಟುಬುಕ್ಕನ್ನು ಪಕ್ಕಕ್ಕಿಟ್ಟ. ಏನೂ ಹೇಳಲಿಲ್ಲ. ತಂದೆ ಎರಡನ್ನೂ ನೋಡಿದರು. ಆಮೇಲೆ ಟೇಪ್‌ರೆಕಾರ್ಡರಿನ ಹಿಂಬದಿಯ ಸ್ಕ್ರೂ ಬಿಚ್ಚತೊಡಗಿದರು. ಬೆಲ್ಟು ಕರಗಿ ಅಂಟಾಗಿತ್ತು. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು.

ಆ ವಾರ ದಿನಕ್ಕೆ ನಾಲ್ಕೈದರಂತೆ ಕೇಳಿದರು. ಒಂದರಲ್ಲಿ ಯಾರದೋ ಮದುವೆಯ ಬ್ಯಾಂಡು. ಎರಡರಲ್ಲಿ ಬರೀ ಸುಂಯ್. ಹದಿನೇಳನೆಯ ನಂಬರಿನ ಎ ಬದಿಯಲ್ಲಿ ರೇಡಿಯೋದಿಂದ ಹಿಡಿದ ಸಿನಿಮಾ ಹಾಡುಗಳು. ಅದು ಶುರುವಾಗುತ್ತಲೇ ತಂದೆ ಎದ್ದು ಹೊರಗೆ ಹೋದರು.

ತುಸು ಹೊತ್ತಿನ ಮೇಲೆ ಬಂದು ಹೇಳಿದರು. ಅದು ಅಪ್ಪನ ಭಜನೆಯ ಕ್ಯಾಸೆಟ್ಟು. ಗೆಳೆಯನ ಮದುವೆಗೆ ಹಾಡು ಬೇಕಾಗಿತ್ತು, ಕೈಯಲ್ಲಿ ಹೊಸ ಕ್ಯಾಸೆಟ್ಟಿಗೆ ರೊಕ್ಕ ಇರಲಿಲ್ಲ. ಬೆನ್ನ ಮೇಲಿನ ಪ್ಲಾಸ್ಟಿಕ್ ಹಲ್ಲು ಮುರಿದಿತ್ತು, ಅಂದರೆ ಅಳಿಸಬಾರದೆಂದೇ ಯಾರೋ ಮುರಿದಿದ್ದರು. ಅದಕ್ಕೆ ಅಂಟುಪಟ್ಟಿ ಹಚ್ಚಿ ಮೇಲೆ ರೆಕಾರ್ಡ್ ಮಾಡಿದ್ದರು.

“ಗೊತ್ತಾದ ಮ್ಯಾಲೆ ತಾತ ಏನಂದ?”

“ಅದರಾಗ ನಂದೇನರ ಇತ್ತೇನೋ ಅಂತ ಕೇಳಿದ. ಹೂಂ ಅಂದೆ. ಹೋಗ್ಲಿ ಬಿಡು ಅಂದ. ಮತ್ತ ಎಂದೂ ಆ ಮಾತು ತಗೀಲಿಲ್ಲ.”

ಹುಡುಗ ಕ್ಯಾಸೆಟ್ಟು ತಿರುವಿ ಹಾಕಿದ. ಬಿ ಬದಿಯನ್ನು ಯಾರೂ ಮುಟ್ಟಿರಲಿಲ್ಲ. ಮೊದಲು ಗುಜುಗುಜು ಮಾತು, ತಾಳದ ಸಪ್ಪಳ, ಮಗುವಿನ ಅಳು. ಹಾರ್ಮೋನಿಯಂ ಸ್ವರ ಹಿಡಿಯಿತು. ಆಮೇಲೆ ದಪ್ಪನೆಯ, ಸ್ವಲ್ಪ ಮೂಗಿನಿಂದ ಬರುವ ಒಂದು ದನಿ. ತಂದೆ ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದರು. ಇಪ್ಪತ್ತಾರು ನಿಮಿಷ ಇಬ್ಬರೂ ಮಾತಾಡಲಿಲ್ಲ.

ಹಾಡು ಮುಗಿದ ಮೇಲೂ ಟೇಪು ಓಡುತ್ತಿತ್ತು. ದೂರದಲ್ಲಿ ಹೆಂಗಸೊಬ್ಬಳು ಯಾರಿಗೋ ಹೇಳುತ್ತಾಳೆ: “ರಾಜಕುಮಾರನ್ನ ಬಿಟ್ಟಾನಂತ ನೋಡವ್ವಾ.” ಹುಡುಗನಿಗೆ ಕುಣಿಯುವಷ್ಟು ಸಂತೋಷವಾಯಿತು. ವೀರಪ್ಪನ್ ರಾಜಕುಮಾರರನ್ನು ಗಾಜನೂರಿನಿಂದ ಒಯ್ದದ್ದು 2000ದ ಜುಲೈ 30ರ ರಾತ್ರಿ. ನೂರೆಂಟು ದಿನಗಳ ಮೇಲೆ ಬಿಟ್ಟದ್ದು ನವೆಂಬರ್ ನಡುವಿನಲ್ಲಿ. ‘ದಿನ’ದ ಮನೆಯಲ್ಲಿ ಅವನು ಬರೆದ: ‘ನವೆಂಬರ್ 2000.’

ಹಾಡಿದವರು, ತಾತ. ಹಾರ್ಮೋನಿಯಂ ಯಾರದೆಂದು ತಂದೆಯೇ ಗುರುತಿಸಿದರು. ತಬಲಾ ಗೊತ್ತಾಗಲಿಲ್ಲ. ಬಿಟ್ಟುಬಿಡಬಹುದಿತ್ತು. ಆದರೆ ಹುಡುಗ ಬೀಟಲ್ಸರದೇ ಒಂದು ಕಥೆ ಹೇಳಿದ. 1966ರ ಅವರ ತಟ್ಟೆಯೊಂದರಲ್ಲಿ ತಬಲಾ ನುಡಿಸಿದ ಅನಿಲ್ ಭಾಗವತ್ ಅವರ ಹೆಸರನ್ನು ಹೊದಿಕೆಯ ಮೇಲೆ ಅಚ್ಚು ಹಾಕಿದ್ದರು. ಮರುವರ್ಷ, 1967ರಲ್ಲಿ, ಲಂಡನ್ನಿನ ಭಾರತೀಯ ವಾದಕರು ಇನ್ನೊಂದು ಹಾಡಿಗೆ ದಿಲ್‌ರುಬಾ, ತಂಬೂರಿ, ತಬಲಾ ನುಡಿಸಿದರು. ಜಗತ್ತೇ ಕೇಳಿದ ಆ ತಟ್ಟೆಯ ಮೇಲೆ ಅವರ ಹೆಸರಿಲ್ಲ. ತಬಲಾ ನುಡಿಸಿದವರು ನಟವರ್ ಸೋನಿ ಎಂದು ಲೋಕಕ್ಕೆ ತಿಳಿದದ್ದು 2017ರಲ್ಲಿ, ಐವತ್ತು ವರ್ಷಗಳ ಮೇಲೆ.

“ಮಸ್ಕಿಯಾಂವ ಒಬ್ಬ ಬರ್ತಿದ್ದ,” ಎಂದರು ತಂದೆ. “ಇದ್ದಾನೋ ಇಲ್ಲೋ.”

ಮುಂದಿನ ಭಾನುವಾರ ಇಬ್ಬರೂ ಮಸ್ಕಿಯ ಬಸ್ಸು ಹತ್ತಿದರು. ಹಾಡನ್ನು ಹುಡುಗ ಮೊಬೈಲಿಗೆ ಇಳಿಸಿಕೊಂಡಿದ್ದ. ಅಜ್ಜ ಇದ್ದರು, ಕಟ್ಟೆಯ ಮೇಲೆ ಕುಳಿತಿದ್ದರು, ಕಣ್ಣು ಮಂಜಾಗಿತ್ತು. ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಪೂರ್ತಿ ಕೇಳಿದರು. ಬಲಗೈ ಬೆರಳು ತೊಡೆಯ ಮೇಲೆ ಆಡುತ್ತಿದ್ದವು. ನಡುವೆ ಒಮ್ಮೆ ತಾತನ ಹೆಸರು ಹಿಡಿದು ಕರೆದು, “ಭೇಷ್” ಎಂದರು. ಕೊನೆಗೆ ತಲೆ ಅಲ್ಲಾಡಿಸಿದರು.

“ಇದು ನನ್ನ ಕೈ ಅಲ್ಲಪ್ಪ. ಎಡಗೈ ನೋಡು, ಹೆಂಗ ಒತ್ತಿ ಬಿಡ್ತಾನ. ಇದು ಸಿಂಧನೂರಾಂವಂದು. ಆ ವರ್ಷ ನನಗ ಜ್ವರ ಇತ್ತು, ಅವನ್ನ ನಾನ ಕಳಿಸಿದ್ದೆ.”

ಹುಡುಗ ಹೆಸರು ಬರೆದುಕೊಂಡು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಮಧ್ಯಾಹ್ನದ ಬಿಸಿಲು ನೆತ್ತಿಗೆ ಏರಿತ್ತು. ಊರಿಗೆ ಹೋಗುವ ಬಸ್ಸು ನಿಂತೇ ಇತ್ತು. ತಂದೆ ಅದನ್ನು ಬಿಟ್ಟು, ಕಂಟ್ರೋಲರ್ ಖೋಲಿಯ ಕಿಟಕಿಗೆ ಹೋಗಿ ಸಿಂಧನೂರಿಗೆ ಮುಂದಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು.