ಕಾಣದ ತಂತಿಯ ಕಾವಲು

ಮಠದ ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿದವನಿಗೆ ಮೋಟಾರು ವಾಹನದ ತಂತಿಗಳ ಗೊಡವೆ ಏತಕ್ಕೆಂದು ಓದುಗ ಬಂಧುಗಳು ಕೇಳಬಹುದು. ಕೇಳುವುದು ಸಹಜವೇ. ಆದರೆ ಇಂದು ನಮ್ಮ ಅನೇಕ ಮನೆಗಳ ಅಂಗಳದಲ್ಲಿ ಕಾರು ನಿಂತಿದೆ. ಕಾರು ಬಂದ ಮೇಲೆ ಅದಕ್ಕೆ ಹಾಡಿನ ಪೆಟ್ಟಿಗೆ, ಮಂಜುದೀಪ, ದಾರಿಯನ್ನು ದಾಖಲಿಸುವ ಕ್ಯಾಮರಾ ಎಂದು ಏನನ್ನಾದರೂ ಜೋಡಿಸುವ ಹಂಬಲವೂ ಬರುತ್ತದೆ. ಜೋಡಿಸಿದ ವಸ್ತು ಎಲ್ಲರ ಕಣ್ಣಿಗೆ ಬೀಳುತ್ತದೆ. ಜೋಡಿಸಿದ ಬಗೆ ಮಾತ್ರ ಯಾರಿಗೂ ಕಾಣದು. ಕಾಣದಿರುವ ಆ ಭಾಗವನ್ನು ಕುರಿತೇ ನಾಲ್ಕು ಮಾತು ಬರೆಯಬೇಕೆನಿಸಿದೆ.

ಧಾರವಾಡದಲ್ಲಿರುವ ನನ್ನ ಅಳಿಯಂದಿರ ಕಾರಿಗೆ 2023ರಲ್ಲಿ ಒಂದು ದ್ವಿಚಕ್ರ ವಾಹನವು ಎದುರು ಮಾರ್ಗದಿಂದ ಬಂದು ತಾಗಿತು. ತಪ್ಪು ತಮ್ಮದಲ್ಲವೆಂದು ಹೇಳಲು ಅವರ ಬಳಿ ಬಾಯಿಮಾತಿನ ಹೊರತು ಬೇರೇನೂ ಇರಲಿಲ್ಲ. ಎರಡು ತಿಂಗಳ ಅಲೆದಾಟದ ತರುವಾಯ ಮನೆಯವರೆಲ್ಲರೂ ಸೇರಿ ಗಾಜಿನ ಹಿಂದೆ ಕ್ಯಾಮರಾ ಇಡಿಸಿದರು. ಮೊದಲಿಗೆ ಅದಕ್ಕೆ ವಿದ್ಯುತ್ತು ದೊರೆಯುತ್ತಿದ್ದುದು ಸಿಗರೇಟು ಹೊತ್ತಿಸುವ ಕಿಂಡಿಯಿಂದ. (ಆ ದುಶ್ಚಟಕ್ಕಾಗಿ ಮಾಡಿದ ಕಿಂಡಿ ಈಗ ಲೋಕಕ್ಕೆಲ್ಲ ಬೇರೆ ಬೇರೆ ಉಪಕಾರ ಮಾಡುತ್ತಿರುವುದು ಒಂದು ಸೋಜಿಗ.) ತಂತಿ ಗೇರಿನ ಬಳಿ ತೂಗಾಡುತ್ತಿತ್ತು, ಕೀಲಿ ತೆಗೆದೊಡನೆ ಕಿಂಡಿ ನಿರ್ಜೀವವಾಗುತ್ತಿತ್ತು. ಒಂದು ರಾತ್ರಿ ಓಣಿಯಲ್ಲಿ ನಿಂತಿದ್ದ ಕಾರಿನ ಬಾಗಿಲನ್ನು ಯಾರೋ ಉಜ್ಜಿಕೊಂಡು ಹೋದಾಗ ಕ್ಯಾಮರಾ ನಿದ್ರಿಸುತ್ತಿತ್ತು. ಅಂದಿನಿಂದ, ಅದನ್ನು ನೇರವಾಗಿ ಫ್ಯೂಸ್ ಪೆಟ್ಟಿಗೆಗೇ ಜೋಡಿಸಬೇಕೆಂದು ಮಗಳು ಹಟ ಹಿಡಿದಳು.

ನನಗೆ ಅಂಜಿಕೆಯಾದುದು ಆಗಲೇ. ಅದಕ್ಕೆ ಕಾರಣವಿದ್ದಿತು. 2019ರಲ್ಲಿ ನನ್ನ ಅಣ್ಣನ ಮಗನು ತನ್ನ ವಾಹನಕ್ಕೆ ಒಂದು ಅಂಗಡಿಯಲ್ಲಿ ಮಂಜುದೀಪಗಳನ್ನು ಹಾಕಿಸಿದ್ದನು. ಫ್ಯೂಸು ಪದೇ ಪದೇ ಹೋಗುತ್ತಿದೆಯೆಂದು ದೂರಿದಾಗ ಅಂಗಡಿಯವರು 15 ಆಂಪಿಯರಿನದನ್ನು ಕಿತ್ತು 30ರದನ್ನು ಇಟ್ಟು ಕಳುಹಿಸಿದರು. ಕೆಲವು ದಿನಗಳ ಮೇಲೆ ಹಾವೇರಿಯಿಂದ ಹುಬ್ಬಳ್ಳಿಗೆ ರಾತ್ರಿ ಬರುತ್ತಿರುವಾಗ ಮುಂಭಾಗದ ಹಲಗೆಯ ಕೆಳಗಿನಿಂದ ಹೊಗೆ ಎದ್ದಿತು. ವಾಹನದಲ್ಲಿ ಅವನ ಹೆಂಡತಿ ಹಾಗೂ ಎಂಟು ತಿಂಗಳ ಕೂಸು ಇದ್ದರು. ತಾಯಿ ಕೂಸನ್ನೆತ್ತಿಕೊಂಡು ಕತ್ತಲ ಹೊಲದ ಬದುವಿನ ಮೇಲೆ ನಿಂತಳು. ಇವನು ಬ್ಯಾಟರಿಯ ತಂತಿಯನ್ನು ಕಳಚಿದನು. ಯಾರಿಗೂ ಏನೂ ಆಗಲಿಲ್ಲ. ಮರುದಿನ ಬಿಚ್ಚಿ ನೋಡಿದರೆ ತಂತಿಯ ಹೊದಿಕೆ ಮೇಣದಂತೆ ಕರಗಿ ಅಕ್ಕಪಕ್ಕದ ತಂತಿಗಳಿಗೆ ಅಂಟಿತ್ತು. 30 ಆಂಪಿಯರಿನ ಆ ಫ್ಯೂಸು ಮಾತ್ರ ಕೂದಲೂ ಕೊಂಕದೆ ಉಳಿದಿತ್ತು.

ಫ್ಯೂಸೆಂಬ ಶಬ್ದದ ಮೂಲ, ಕರಗಿಸು ಎಂಬರ್ಥವುಳ್ಳ ಲ್ಯಾಟಿನ್ ಧಾತು. ಕರಗುವುದೇ ಅದರ ಕೆಲಸ. ನಾನು ಮಠದಲ್ಲಿ ಓದುತ್ತಿದ್ದ ಕಾಲಕ್ಕೆ ದಾಸೋಹದ ಕೋಣೆಯ ಗೋಡೆಗೆ ಪಿಂಗಾಣಿಯ ಫ್ಯೂಸುಗಳಿದ್ದವು. ಜಾತ್ರೆಯ ದಿನಗಳಲ್ಲಿ ದೀಪಗಳು ಹೆಚ್ಚಿ ಫ್ಯೂಸು ಹೋದರೆ, ಸೇವೆಯ ಆಳು ಒಂದು ಎಳೆಯ ಬದಲು ನಾಲ್ಕೈದು ಎಳೆ ತಾಮ್ರ ಸುತ್ತಿ ಕಟ್ಟಿಬಿಡುತ್ತಿದ್ದನು. ಹಿರಿಯ ಗುರುಗಳು ಅದನ್ನು ಒಮ್ಮೆ ಕಂಡು, “ದೀಪ ಆರಿದ್ರ ಮತ್ತ ಹಚ್ಚಬಹುದು ತಮ್ಮಾ, ಜಂತಿಗೆ ಬೆಂಕಿ ಹತ್ತಿದ್ರ ಏನು ಮಾಡ್ತಿ?” ಎಂದು ತಾವೇ ನಿಂತು ಬಿಚ್ಚಿಸಿದ್ದರು. ಕಾರಿನಲ್ಲಿಯೂ ನಿಯಮ ಅದೇ. ತಂತಿಯು ಎಷ್ಟು ಹೊರೆಯನ್ನು ಕಾಯದೆ ಹೊರಬಲ್ಲುದೋ ಅದಕ್ಕೆ ತಕ್ಕಂತೆ ಫ್ಯೂಸು. ಅದರ ಬಣ್ಣವೇ ಅಳತೆ: ಕಂದು 7.5, ಕೆಂಪು 10, ನೀಲಿ 15, ಹಳದಿ 20, ಹಸಿರು 30. ನೀಲಿಯಿದ್ದ ಗೂಡಿಗೆ ಹಸಿರನ್ನು ಹಾಕುವವರು ಕಾವಲುಗಾರನಿಗೆ ಅಫೀಮು ತಿನ್ನಿಸಿದಂತೆಯೇ ಸರಿ.

ಆದುದರಿಂದ ಅಳಿಯಂದಿರೊಡನೆ ನಾನೂ ಗ್ಯಾರೇಜಿಗೆ ಹೋಗಿ ಕೆಲಸ ಮುಗಿಯುವವರೆಗೆ ಕುಳಿತೆನು. ಮೊದಲು ವಿಚಾರಿಸಿದ್ದ ಅಂಗಡಿಯವರು ಹತ್ತು ನಿಮಿಷದ ಕೆಲಸವೆಂದಿದ್ದರು. ಕೀಲಿಯ ಹಿಂದಿನ ತಂತಿಯೊಂದರ ಸಿಪ್ಪೆ ಸುಲಿದು ಹೊಸತನ್ನು ಹೊಸೆದು ಟೇಪು ಸುತ್ತುವುದೇ ಅವರ ವಿಧಾನ. ಈ ಮೇಸ್ತ್ರಿ ಎರಡು ಗಂಟೆ ತೆಗೆದುಕೊಂಡನು. ನಾನು ಕ್ಯಾಮರಾಕ್ಕೆ ಅಪಾಯವಿಲ್ಲವಷ್ಟೇ ಎಂದು ಕೇಳಿದಾಗ ಅವನು ತಲೆ ಎತ್ತದೆಯೇ, “ಅಜ್ಜಾರ, ಫ್ಯೂಸು ಕ್ಯಾಮರಾ ಕಾಯಾಕ ಅಲ್ರೀ, ವೈರ್ ಕಾಯಾಕ ಇರತೈತ್ರಿ” ಎಂದನು. ನಾಲ್ಕು ಪುಟದ ಭಾಷ್ಯಕ್ಕೆ ಸಮನಾದ ಮಾತು.

ಜೋಡಣೆಯ ಪೊಟ್ಟಣದಲ್ಲಿ ಮೂರು ತಂತಿಗಳಿದ್ದವು. ಹಳದಿಯದು ಸದಾ ವಿದ್ಯುತ್ತಿರುವ ಗೂಡಿಗೆ, ಕೆಂಪು ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಗೂಡಿಗೆ, ಕಪ್ಪು ಕಾರಿನ ಲೋಹದ ಮೈಗೆ. ಯಾವ ಗೂಡು ಯಾವ ಬಗೆಯದೆಂದು ಮೇಸ್ತ್ರಿ ಊಹಿಸಲಿಲ್ಲ. ಮೀಟರು ಹಿಡಿದು ಕೀಲಿ ತೆಗೆದೂ ಹಾಕಿಯೂ ನೋಡಿದನು. ಗಾಳಿಚೀಲ, ಎ.ಬಿ.ಎಸ್. ಬ್ರೇಕು, ಎಂಜಿನ್ನಿನ ಗಣಕ, ಇವುಗಳ ಫ್ಯೂಸುಗಳ ಕಡೆಗೆ ಕೈ ಚಾಚಲೇ ಇಲ್ಲ. ಪ್ರಾಣ ಉಳಿಸುವ ಸಾಧನದ ಪಾಲಿನಿಂದ ಕ್ಯಾಮರಾಕ್ಕೆ ಎರವಲು ತರಬಾರದು. ಆರಿಸಿದ ಗೂಡಿನಿಂದ ಹಳೆಯ ಫ್ಯೂಸನ್ನು ಕಿತ್ತು, ಅಲ್ಲಿ ಟ್ಯಾಪ್ ಎಂಬ ಸಣ್ಣ ಉಪಕರಣವನ್ನು ಕೂರಿಸಿದನು. ಅದರಲ್ಲಿ ಎರಡು ಮನೆಗಳು: ಕಾಲಿಗೆ ಹತ್ತಿರದ ಮನೆಯಲ್ಲಿ ಹಳೆಯ ಫ್ಯೂಸು, ಮೇಲಿನದರಲ್ಲಿ ಕ್ಯಾಮರಾದ ತಂತಿಗಾಗಿ 3 ಆಂಪಿಯರಿನ ನೇರಳೆ ಫ್ಯೂಸು. ಒಂದರ ತೊಂದರೆ ಇನ್ನೊಂದಕ್ಕಿಲ್ಲ. ಅದನ್ನು ಕೂರಿಸುವ ದಿಕ್ಕೂ ಮುಖ್ಯವಂತೆ. ಖಾಲಿ ಗೂಡಿನ ಎರಡು ಬಾಯಿಗಳಲ್ಲಿ ಒಂದಕ್ಕೆ ಮಾತ್ರ ಬ್ಯಾಟರಿಯ ಕಡೆಯಿಂದ ವಿದ್ಯುತ್ತು ಬಂದಿರುತ್ತದೆ. ಎರಡು ಫ್ಯೂಸುಗಳಿಗೂ ಉಣಿಸುವ ಕಾಲು ಆ ಬಾಯಿಯಲ್ಲಿಯೇ ಇಳಿಯಬೇಕು. ತಿರುವುಮುರುವಾದರೆ ಕ್ಯಾಮರಾ ನಡೆಯುತ್ತದೆ, ಆದರೆ ಅದರ ಹೊರೆಯೂ ಹಳೆಯ ಫ್ಯೂಸಿನ ಮೂಲಕವೇ ಹಾಯುತ್ತದೆ. ಇದನ್ನು ಪರೀಕ್ಷಿಸಲು ಒಂದು ನಿಮಿಷ ಸಾಕು.

ಕಪ್ಪು ತಂತಿಯನ್ನು ಬಣ್ಣ ಬಳಿದ ಕಡೆ ಬಿಗಿಯದೆ, ಬರಿಯ ಲೋಹಕ್ಕೆ ತಾಗುವ ಬೋಲ್ಟಿಗೆ ಬಿಗಿದನು. ಗಾಜಿನ ಪಕ್ಕದ ಕಂಬದೊಳಗೆ ತಂತಿಯನ್ನು ಒಯ್ಯುವಾಗ ಅಲ್ಲಿ ಮಡಚಿಟ್ಟ ಗಾಳಿಚೀಲದ ಹಿಂದಿನಿಂದ ದಾಟಿಸಿದನು. ಮುಂದಿನಿಂದ ಎಳೆದರೆ, ಅಪಘಾತದ ಕ್ಷಣದಲ್ಲಿ ಚೀಲವು ಅರಳುವ ದಾರಿಗೆ ಅದೇ ಅಡ್ಡಿಯಾಗಬಹುದು.

ಉಳಿದುದು ಬ್ಯಾಟರಿಯ ಲೆಕ್ಕ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಗಂಟೆಯದೆನ್ನಿ. ನಿಂತ ಕಾರಿನಲ್ಲಿ ಕ್ಯಾಮರಾ 0.3 ಆಂಪಿಯರ್ ಎಳೆದರೂ ದಿನಕ್ಕೆ 7ಕ್ಕೂ ಮಿಗಿಲಾಯಿತು. ಎರಡೂವರೆ ದಿನದಲ್ಲಿ ಅರ್ಧ ಬ್ಯಾಟರಿ ಖಾಲಿ. ಮದುವೆಗೆಂದು ಪರವೂರಿಗೆ ರೈಲಿನಲ್ಲಿ ಹೋಗಿ ನಾಲ್ಕನೆಯ ದಿನ ಬಂದವರ ಕಾರು ಏಕೆ ಹೊರಡಲೊಲ್ಲದೆಂದು ಇದರಿಂದ ತಿಳಿಯುತ್ತದೆ. ಅದಕ್ಕಾಗಿಯೇ ಪೊಟ್ಟಣದ ತಂತಿಗೆ ಒಂದು ಪುಟ್ಟ ಡಬ್ಬಿಯಿರುತ್ತದೆ. ಕಾರಿನ 12 ವೋಲ್ಟನ್ನು ಕ್ಯಾಮರಾಕ್ಕೆ ಬೇಕಾದ 5ಕ್ಕೆ ಇಳಿಸುವುದರ ಜೊತೆಗೆ, ಬ್ಯಾಟರಿ ಗೊತ್ತುಪಡಿಸಿದ ಮಟ್ಟಕ್ಕೆ ಇಳಿದೊಡನೆ ಅದು ತಾನಾಗಿ ಕಡಿದುಕೊಳ್ಳುತ್ತದೆ. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟು ತೋರುತ್ತದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ; 11.8 ಎಂದರೆ ಬರಿದಾಯಿತೆಂದೇ ತಿಳಿಯಬೇಕು. ಅಳಿಯಂದಿರು ಇಡೀ ರಾತ್ರಿಯ ಕಾವಲು ಸಿಗಲೆಂದು 11.8ಕ್ಕೆ ಇಡಬಯಸಿದರು. ಮಗಳು ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವವಳು. ಅವಳ ಮಾತೇ ನಡೆದು 12.2 ನಿಶ್ಚಯವಾಯಿತು.

ಹೊಸ ಕಾರಿಗೆ ಇಂತಹ ಕೆಲಸ ಮಾಡಿಸುವವರು ವಾರಂಟಿಯ ಕಾಗದವನ್ನು ಮೊದಲು ಓದಿಕೊಳ್ಳುವುದು ಒಳ್ಳೆಯದು. ಮೂಲ ತಂತಿಯನ್ನು ಕತ್ತರಿಸಿದ್ದರೆ ತಕರಾರು ಬರುತ್ತದೆ. ಟ್ಯಾಪನ್ನಾದರೆ ಕಿತ್ತು ಹಳೆಯ ಫ್ಯೂಸನ್ನು ಅದರ ಗೂಡಿಗೆ ಮರಳಿ ಇಡಬಹುದು.

ಎಲ್ಲ ಮುಗಿದ ಬಳಿಕ ಮೇಸ್ತ್ರಿಯು ಒಂದು ಚೀಟಿ ಬೇಡಿದನು. ಯಾವ ಎರಡು ಗೂಡುಗಳಲ್ಲಿ ಟ್ಯಾಪ್ ಇದೆ, ಯಾವ ಅಳತೆಯ ಫ್ಯೂಸು, ಯಾವ ದಿನ ಕೂರಿಸಿದ್ದು ಎಂಬುದನ್ನು ಅವನು ಹೇಳಿದಂತೆ ನಾನು ಕನ್ನಡದಲ್ಲಿ ಬರೆದುಕೊಟ್ಟೆನು. ಅದನ್ನು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿ, “ನಾಳೆ ಬ್ಯಾರೇದಾವ ಬಿಚ್ಚಿದ್ರ ಅವಗ ತಿಳೀಬೇಕಲ್ರೀ” ಎಂದು ಮುಚ್ಚಳ ಹಾಕಿದನು.